ಗುರಿ ಹಿಡಿದ ಮಾತ್ರಕ್ಕೆ ಗುರುತು ಹಿಡಿದಂತಾಯಿತೇ?

(ನಂಜನಗೂಡು ಹಾಗೂ ತಿ. ನರಸೀಪುರದಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ನಡೆದ ಎರಡು ಸಭೆಗಳಲ್ಲಿ ಮಾಡಿದ ಭಾಷಣದ ಬರಹ ರೂಪ. ನರಸೀಪುರದಲ್ಲಿ ಬಂದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿಕೊಳ್ಳಲಾಗಿದೆ.)



ಕಪಿಲೆಯ ದಡದ ಈ ಊರಿಗೂ ಕಣ್ಣಿಗೂ ಹಳೆಯ ನಂಟಿದೆ. ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣು ಮಂಜಾದಾಗ ಇಲ್ಲಿಯ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಪ್ರಾರ್ಥನೆ ನಡೆಯಿತೆಂದೂ, ಆನೆಗೆ ದೃಷ್ಟಿ ಮರಳಿತೆಂದೂ, ಸುಲ್ತಾನರು ಪಚ್ಚೆಯ ಲಿಂಗವನ್ನು ಅರ್ಪಿಸಿ ‘ಹಕೀಮ್ ನಂಜುಂಡ’ ಎಂದು ಕರೆದರೆಂದೂ ಇಲ್ಲಿಯ ಹಿಂದೂಗಳೂ ಮುಸ್ಲಿಮರೂ ಹೇಳುತ್ತ ಬಂದಿದ್ದಾರೆ. ಕಥೆಯಲ್ಲಿ ಇತಿಹಾಸವೆಷ್ಟು, ಜನರ ಪ್ರೀತಿಯೆಷ್ಟು ಎಂಬ ವಿಚಾರಕ್ಕೆ ನಾವು ಹೋಗುವುದಿಲ್ಲ. ಇಂದು ನಾವು ಮಾತನಾಡಬೇಕೆಂದಿರುವುದು ಬೇರೊಂದು ಬಗೆಯ ಕಣ್ಣಿನ ಕುರಿತು. ಹಾರಿಬರುವ ಕ್ಷಿಪಣಿಯನ್ನು ಆಕಾಶದಲ್ಲಿ ಕಂಡು, ರೆಪ್ಪೆ ಮಿಟುಕಿಸದೆ ಹಿಂಬಾಲಿಸಿ, ಅದರ ಮೇಲೆ ಬೆಳಕಿನ ಕಿರಣವನ್ನು ನೆಟ್ಟು ಹಿಡಿಯಬೇಕಾದ ಯಂತ್ರದ ಕಣ್ಣು ಅದು.

ಈ ವಿಷಯ ನಿಮ್ಮ ಮನೆಯ ಜಗಲಿಗೆ ಈಗಾಗಲೇ ಬಂದಿದೆ. 2025ರ ಏಪ್ರಿಲ್ 13ರಂದು ಆಂಧ್ರ ಪ್ರದೇಶದ ಕರ್ನೂಲಿನಲ್ಲಿ ನಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ, ಲೇಸರ್ ಕಿರಣದಿಂದ ಡ್ರೋನ್‌ಗಳನ್ನು ಸುಟ್ಟು ಕೆಡವಿ ತೋರಿಸಿತು. ಹೈದರಾಬಾದಿನ ‘ಚೆಸ್’ ಎಂಬ ಪ್ರಯೋಗಾಲಯ ಇದರ ಮುಂದಾಳು. ನಮ್ಮ ಬೆಂಗಳೂರಿನ ರೇಡಾರ್ ಸಂಸ್ಥೆ ಎಲ್‌ಆರ್‌ಡಿಇ ಮತ್ತು ಡೆಹ್ರಾಡೂನಿನ ಐಆರ್‌ಡಿಇ ಅದಕ್ಕೆ ಜೊತೆಯಾಗಿದ್ದವು. ಮುಂದಿನ ತಿಂಗಳಲ್ಲೇ ಭಾರತ ಮತ್ತು ಪಾಕಿಸ್ತಾನಗಳ ಆಕಾಶದಲ್ಲಿ ಡ್ರೋನ್‌ಗಳೂ ಕ್ಷಿಪಣಿಗಳೂ ಹಾರಾಡಿದವು. ಅಂದಿನಿಂದ ಮೊಬೈಲುಗಳಲ್ಲಿ ಒಂದೇ ಮಾತು: ಇನ್ನು ಯಾವ ಕ್ಷಿಪಣಿಯೂ ನಮ್ಮನ್ನು ಮುಟ್ಟಲಾರದು, ಗುಂಡಿ ಒತ್ತಿದರೆ ಸಾಕು. ಇನ್ನೊಂದೆಡೆ, ಇದೆಲ್ಲ ದೊಡ್ಡವರ ವಿಷಯ, ನಮಗೇಕೆ ಎಂದು ಕೈತೊಳೆದುಕೊಳ್ಳುವವರು ನಮ್ಮವರಲ್ಲೇ ಇದ್ದಾರೆ. ಮೊದಲನೆಯವರಿಗೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯದು. ಎರಡನೆಯವರಿಗೆ ತಿಳಿಯುವ ಇಚ್ಛೆಯಿಲ್ಲ.

ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಪಡಿಸಬೇಕು. ಕರ್ನೂಲಿನಲ್ಲಿ ಬಿದ್ದದ್ದು ಡ್ರೋನ್. ಅದು ನಿಧಾನವಾಗಿ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಹಾರುವ ವಸ್ತು. ಆ ವರ್ಷದ ಆಗಸ್ಟ್ 23ರಂದು ಒಡಿಶಾದ ಕರಾವಳಿಯಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿಯೂ ಲೇಸರ್ ಅಸ್ತ್ರದ ಜೊತೆಗೆ ಎರಡು ಬಗೆಯ ಕ್ಷಿಪಣಿಗಳು ಕೆಲಸ ಮಾಡಿದವು. ಅಲ್ಲಿಯೂ ಗುರಿಗಳು ಮಾನವರಹಿತ ವಿಮಾನಗಳೇ. ನೂರಾರು ಕಿಲೋಮೀಟರ್ ದೂರದಿಂದ ಬರುವ ಬ್ಯಾಲಿಸ್ಟಿಕ್ ಕ್ಷಿಪಣಿಗಳ ವಿರುದ್ಧ ಭಾರತ 2006ರ ನವೆಂಬರಿನಿಂದ ಪರೀಕ್ಷಿಸುತ್ತ ಬಂದಿರುವುದು ಕ್ಷಿಪಣಿಯನ್ನು ಕ್ಷಿಪಣಿಯಿಂದಲೇ ಹೊಡೆಯುವ ವಿಧಾನವನ್ನು. ಅದಕ್ಕೆ ಕಣ್ಣಾಗಿರುವ ‘ಸ್ವೋರ್ಡ್‌ಫಿಶ್’ ರೇಡಾರ್ ಇಸ್ರೇಲಿನ ರೇಡಾರೊಂದರ ಆಧಾರದ ಮೇಲೆ ಬೆಂಗಳೂರಿನ ಎಲ್‌ಆರ್‌ಡಿಇಯಲ್ಲಿ ರೂಪುಗೊಂಡಿತು. ಲೇಸರಿನಿಂದ ಅಂತಹ ಕ್ಷಿಪಣಿಯನ್ನು ಸುಡುವುದು ಇನ್ನೂ ದೂರದ ಮಾತು. ಏಕೆ ದೂರ ಎಂಬುದೇ ಇಂದಿನ ನಮ್ಮ ವಿಷಯ.

ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೈದರಲಿ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್‌ಗಳು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿದಂತಹವು. ಒಂದು ಕಿಲೋಮೀಟರಿಗೂ ಮಿಕ್ಕಿ ಹಾರುತ್ತಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಆಂಗ್ಲರು ಅವುಗಳ ರುಚಿ ಕಂಡರು. 1799ರ ನಂತರ ಅವು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್ ರಾಕೆಟ್‌ಗಳಿಗೆ ಮಾದರಿಯಾದವು. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಅಂತಹ ಸಾವಿರಕ್ಕೂ ಮಿಕ್ಕಿದ ರಾಕೆಟ್‌ಗಳು ದೊರೆತದ್ದು ನಿಮಗೆ ನೆನಪಿರಬಹುದು. ಡಾ. ಅಬ್ದುಲ್ ಕಲಾಮ್‌ರು 1991ರಲ್ಲಿ ಬೆಂಗಳೂರಿನ ಟಿಪ್ಪು ಸ್ಮಾರಕ ಉಪನ್ಯಾಸದಲ್ಲಿ ಅವನ್ನು ಹೆಮ್ಮೆಯಿಂದ ನೆನೆದಿದ್ದರು. ಹೆಮ್ಮೆ ಸರಿಯೇ. ಆದರೆ ಆ ರಾಕೆಟ್‌ಗೆ ಬೆಂಕಿ ಇತ್ತು, ಕಣ್ಣಿರಲಿಲ್ಲ. ಹೊರಟ ಮೇಲೆ ಅದು ಗಾಳಿ ಬೀಸಿದತ್ತ ಹೋಗುತ್ತಿತ್ತು. ಸಾಲುಸಾಲಾಗಿ ಹಾರಿಸಿದರೆ ಒಂದಾದರೂ ತಾಗೀತು ಎಂಬುದೇ ಅದರ ಲೆಕ್ಕ. ಲೇಸರಿನ ಕಥೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಬೆಂಕಿ ಹುಟ್ಟಿಸುವ ಕೆಲಸ ಕಷ್ಟವಾದರೂ ಮುಗಿಯುವಂತಹದು. ಮುಗಿಯದ ಕಷ್ಟವೆಲ್ಲ ಕಣ್ಣಿನದು.

ಎಷ್ಟು ಕಷ್ಟ? ಇಲ್ಲಿಂದ ತಿ. ನರಸೀಪುರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 25 ಕಿಲೋಮೀಟರ್. ನಂಜನಗೂಡಿನ ಗೋಪುರದ ತುದಿಯಿಂದ ಕಾವೇರಿ ಕಪಿಲೆಯರ ಸಂಗಮದತ್ತ ಒಂದು ಬೆಳಕಿನ ಕಿರಣವನ್ನು ಬಿಟ್ಟಿದ್ದೇವೆಂದು ಭಾವಿಸಿ. ನಮ್ಮ ಕೈ ಒಂದು ಡಿಗ್ರಿ ತಪ್ಪಿದರೆ ಕಿರಣ ಅಲ್ಲಿ 436 ಮೀಟರ್ ಆಚೆ ಬೀಳುತ್ತದೆ. ಅಂದರೆ ಮರಳಿಗೆ ಬದಲು ಹೊಳೆಗೆ, ಹೊಳೆಗೆ ಬದಲು ಮನೆಗೆ. ಆ ಒಂದು ಡಿಗ್ರಿಯನ್ನು 3,600 ಪಾಲು ಮಾಡಿ, ಅದರಲ್ಲಿ ಒಂದು ಪಾಲು ಮಾತ್ರ ತಪ್ಪಿದರೆ ಆಗ 12 ಸೆಂಟಿಮೀಟರ್. ಅಂಗೈಗಿಂತ ತುಸು ಅಗಲ. ಲೇಸರ್ ಕ್ಷಿಪಣಿಯನ್ನು ಸಿಡಿಗುಂಡಿನಂತೆ ಬಡಿಯುವುದಿಲ್ಲ, ಅದರ ಲೋಹದ ಮೈಯನ್ನು ಒಂದೇ ಜಾಗದಲ್ಲಿ ಕಾಯಿಸಿ ಬಲಗುಂದಿಸುತ್ತದೆ. ಅದಕ್ಕೆ ಕೆಲವು ಸೆಕೆಂಡುಗಳು ಬೇಕು. ಮಕ್ಕಳು ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಡುವಾಗ ಕೈ ಅಲುಗಿದರೆ ಕಾಗದ ಸುಡುವುದಿಲ್ಲ, ಬೆಚ್ಚಗಾಗುತ್ತದೆ, ಅಷ್ಟೇ. ಇಲ್ಲಿ ಕಾಗದ ಸೆಕೆಂಡಿಗೆ ಎರಡು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಐದು ಸೆಕೆಂಡಿನಲ್ಲಿ ಹತ್ತು ಕಿಲೋಮೀಟರ್ ಓಡುವ ಆ ಮೈಯ ಮೇಲೆ ಅಂಗೈಯಗಲದ ಒಂದೇ ಜಾಗಕ್ಕೆ ಬೆಳಕು ಅಂಟಿಕೊಂಡಿರಬೇಕು.

ಬೆಳಕಿಗೆ ಸಮಯವೇ ಬೇಡ, ಕಂಡಲ್ಲಿಗೇ ಬಿಟ್ಟರಾಯಿತು ಎನ್ನುವವರಿದ್ದಾರೆ. ಬೆಳಕೂ ಕಾಲ ತೆಗೆದುಕೊಳ್ಳುತ್ತದೆ. 25 ಕಿಲೋಮೀಟರ್ ದಾಟಲು ಸೆಕೆಂಡಿನ ಹತ್ತು ಲಕ್ಷದ 83 ಭಾಗ ಬೇಕು. ಅಷ್ಟರಲ್ಲಿ ಕ್ಷಿಪಣಿ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಬೆಳಕನ್ನೂ ಗುರಿಯ ಮುಂದಕ್ಕೇ ಬಿಡಬೇಕು.

ಇನ್ನು ಗಾಳಿ. ಬೇಸಗೆಯ ನಡುಹಗಲಲ್ಲಿ ಮೈಸೂರು ರಸ್ತೆಯ ಮೇಲೆ ಬಿಸಿಗಾಳಿ ನೀರಿನಂತೆ ತುಳುಕುವುದನ್ನು ನೀವು ನೋಡಿದ್ದೀರಿ. ನಕ್ಷತ್ರ ಮಿನುಗುವುದೂ ಅದೇ ಕಾರಣದಿಂದ. ಬಿಸಿ ಮತ್ತು ತಂಪು ಗಾಳಿಯ ಗುಳ್ಳೆಗಳು ಬೆಳಕಿನ ದಾರಿಯನ್ನು ಅತ್ತಿತ್ತ ಬಾಗಿಸುತ್ತವೆ. ಸಾಲದ್ದಕ್ಕೆ ಲೇಸರಿನ ಶಾಖವೇ ತಾನು ಹಾದುಹೋಗುವ ಗಾಳಿಯನ್ನು ಕಾಯಿಸಿ, ಕಿರಣವನ್ನು ಹರಡಿಬಿಡುತ್ತದೆ. ಮೋಡ, ಮಳೆ, ದೂಳು, ಇಲ್ಲಿ ಚಳಿಗಾಲದ ಬೆಳಗಿನಲ್ಲಿ ಕಪಿಲೆಯ ಮೇಲೆ ಹಬ್ಬುವ ಮಂಜು, ಇವುಗಳ ಮುಂದೆ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಸುಮ್ಮನೆ ಕೂರಬೇಕಾಗುತ್ತದೆ.

ಹಾಗಾದರೆ ವಿಜ್ಞಾನಿಗಳು ಮಾಡುವುದೇನು? ಒಂದೇ ಕಣ್ಣಿನಿಂದ ಎಲ್ಲವನ್ನೂ ನೋಡುವ ಹಟ ಬಿಟ್ಟರು. ಮೊದಲು ರೇಡಾರ್ ಅಥವಾ ಉಪಗ್ರಹ ‘ಆ ದಿಕ್ಕಿನಲ್ಲಿ ಏನೋ ಇದೆ’ ಎನ್ನುತ್ತದೆ. ಅಗಲ ನೋಟದ ಕ್ಯಾಮೆರಾ ಅತ್ತ ಹೊರಳಿ ಅದನ್ನು ಹಿಡಿಯುತ್ತದೆ. ಆಮೇಲೆ ಕಿರಿದಾದ, ಸೂಕ್ಷ್ಮ ನೋಟದ ಕ್ಯಾಮೆರಾಕ್ಕೆ ಒಪ್ಪಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಹಸುಗೂಸನ್ನು ದಾಟಿಸುವಂತೆ ಈ ಹಸ್ತಾಂತರ ನಡೆಯಬೇಕು. ಇಲ್ಲಿಯೇ ಒಂದು ಮೋಸವಿದೆ. ಮೇಲೇರುವ ಕ್ಷಿಪಣಿಯಲ್ಲಿ ಪ್ರಜ್ವಲಿಸುವುದು ಅದರ ಬಾಲದ ಬೆಂಕಿ, ಮೈಯಲ್ಲ. ಕ್ಯಾಮೆರಾ ಬೆಂಕಿಗೆ ಮರುಳಾದರೆ ಲೇಸರ್ ಹೊಗೆಯನ್ನು ಸುಡುತ್ತ ಕೂರುತ್ತದೆ. ಬೆಂಕಿಯನ್ನು ಕಂಡು, ಅದರ ಮುಂದೆ ಕತ್ತಲಲ್ಲಿರುವ ಮೈಯನ್ನು ಊಹಿಸಿ, ಬೇರೊಂದು ಚಿಕ್ಕ ಲೇಸರಿನಿಂದ ಅದನ್ನು ಬೆಳಗಿಸಿ, ಮರಳಿ ಬಂದ ಬೆಳಕಿನಿಂದ ಅದರ ಆಕಾರವನ್ನು ಗುರುತಿಸಬೇಕು. ಆ ಮರಳಿದ ಬೆಳಕು ದಾರಿಯಲ್ಲಿ ಎಷ್ಟು ಕಲಕಿದೆಯೆಂದು ಅಳೆದು, ಸಾವಿರ ತಪ್ಪುಗಳಿಗೆ ತಕ್ಕಂತೆ ಬಾಗಬಲ್ಲ ಕನ್ನಡಿಯೊಂದನ್ನು ಮೊದಲೇ ತಿರುವುಮುರುವಾಗಿ ಬಾಗಿಸುತ್ತಾರೆ. ಗಾಳಿ ಕೆಡಿಸುವುದನ್ನು ಕನ್ನಡಿ ಮುಂಚಿತವಾಗಿ ಸರಿಪಡಿಸಿರುತ್ತದೆ. ಜೊತೆಗೆ ಇನ್ನೊಂದು ಪುಟ್ಟ ಕನ್ನಡಿ ಸೆಕೆಂಡಿಗೆ ನೂರಾರು ಬಾರಿ ಹೊರಳಿ ಯಂತ್ರದ ನಡುಕವನ್ನು ಕಳೆಯುತ್ತದೆ.

ಕನ್ನಡಿಯ ಮಾತು ಬಂದಾಗ ಎರಡು ಹೆಸರು ಹೇಳದಿರಲಾಗದು. ಬಗ್ದಾದಿನ ಇಬ್ನ್ ಸಹ್ಲ್ 984ರ ಸುಮಾರಿಗೆ ಸುಡುವ ಕನ್ನಡಿಗಳು ಮತ್ತು ಮಸೂರಗಳ ಮೇಲೆ ಗ್ರಂಥ ಬರೆದರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ಕಣ್ಣಿನಿಂದ ಬೆಳಕು ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ತೋರಿಸಿದರು. ಬಾಗಿದ ಕನ್ನಡಿಯ ಯಾವ ಬಿಂದುವಿನಲ್ಲಿ ಬೆಳಕು ತಿರುಗಿದರೆ ಅದು ಗೊತ್ತಾದ ಜಾಗಕ್ಕೆ ಹೋಗಿ ಮುಟ್ಟುತ್ತದೆ ಎಂಬ ಅವರ ಪ್ರಶ್ನೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಪೂರ್ವಜರ ಹೆಸರು ಹೇಳಿ ಎದೆಯುಬ್ಬಿಸಿ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದರೆ ‘ಅಂಗಡಿ ಇದೆಯಲ್ಲ’ ಎನ್ನುವುದು ನಮ್ಮ ಸಮುದಾಯದ ಹಳೆಯ ಚಾಳಿ. ಆ ಮಹನೀಯರು ಹೆಸರಿಗಾಗಿ ಅಲ್ಲ, ಲೆಕ್ಕಕ್ಕಾಗಿ ನೆನಪಿನಲ್ಲಿರಬೇಕಾದವರು.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ಘಟನೆ ಹೇಳುತ್ತೇವೆ. ಕೊಂಚ ನಗು ಬರುವ ಘಟನೆ. ಅಮೇರಿಕದ ಅಧ್ಯಕ್ಷ ರೇಗನ್ 1983ರ ಮಾರ್ಚ್ 23ರಂದು ಕ್ಷಿಪಣಿಗಳನ್ನು ಆಕಾಶದಲ್ಲೇ ನಾಶಮಾಡುವ ಯೋಜನೆಯನ್ನು ಸಾರಿದರು. ಪತ್ರಿಕೆಗಳು ಅದನ್ನು ತಾರಾ ಸಮರ ಎಂದು ಕರೆದವು. ಅದರ ಅಂಗವಾಗಿ 1985ರ ಜೂನಿನಲ್ಲಿ ‘ಡಿಸ್ಕವರಿ’ ಗಗನನೌಕೆಯ ಕಿಟಕಿಗೆ ಸುಮಾರು 20 ಸೆಂಟಿಮೀಟರ್ ಅಗಲದ ಕನ್ನಡಿ ಅಳವಡಿಸಿದರು. ಹವಾಯಿ ದ್ವೀಪದ ಬೆಟ್ಟದ ಮೇಲಿನಿಂದ ಲೇಸರ್ ಬಿಟ್ಟು, ಹಾರುವ ನೌಕೆಯ ಆ ಕನ್ನಡಿಯನ್ನು ಹಿಂಬಾಲಿಸಬೇಕು. ಗುರಿ ಹಿಂಬಾಲಿಸುವ ವಿದ್ಯೆಯ ಪರೀಕ್ಷೆ ಅದು. ಆ ನೌಕೆಯಲ್ಲಿದ್ದ ಒಬ್ಬರು ಸೌದಿ ಅರೇಬಿಯಾದ ಸುಲ್ತಾನ್ ಬಿನ್ ಸಲ್ಮಾನ್. ಬಾಹ್ಯಾಕಾಶಕ್ಕೆ ಹೋದ ಮೊದಲ ಅರಬ, ಮೊದಲ ಮುಸ್ಲಿಮ್. ರಮಝಾನಿನ ಕೊನೆಯಲ್ಲಿ ಹೊರಟ ಅವರಿಗೆ ಈದ್ ಆಕಾಶದಲ್ಲಿಯೇ ಬಂತು.

ಬೆಟ್ಟದ ಎತ್ತರ 9,994 ಅಡಿ. ಆ ಅಂಕಿಯನ್ನು ಕಳುಹಿಸಿದರು. ಆದರೆ ನೌಕೆಯ ಕಂಪ್ಯೂಟರಿಗೆ ಬೇಕಾಗಿದ್ದುದು ಅಡಿಯಲ್ಲ, ನಾಟಿಕಲ್ ಮೈಲಿ. ಅದು 9,994 ನಾಟಿಕಲ್ ಮೈಲಿ, ಅಂದರೆ ಸುಮಾರು 18,500 ಕಿಲೋಮೀಟರ್ ಎತ್ತರದ ಬೆಟ್ಟವಿದೆಯೆಂದು ನಂಬಿತು. ಅಂತಹ ಬೆಟ್ಟದ ತುದಿ ನೌಕೆಗಿಂತ ಎಷ್ಟೋ ಮೇಲೆ ಇರಬೇಕಲ್ಲವೇ? ಜೂನ್ 19ರಂದು ನೌಕೆ ವಿಧೇಯವಾಗಿ ಮಗ್ಗುಲು ಬದಲಿಸಿ ಕನ್ನಡಿಯನ್ನು ಭೂಮಿಗೆ ಬೆನ್ನು ಮಾಡಿ ಶೂನ್ಯಕ್ಕೆ ತಿರುಗಿಸಿತು. ಲೇಸರ್ ಸರಿಯಾಗಿತ್ತು, ಕನ್ನಡಿ ಸರಿಯಾಗಿತ್ತು, ಗಣಿತ ಸರಿಯಾಗಿತ್ತು. ಒಂದು ಅಂಕಿಯ ಪಕ್ಕದ ಒಂದು ಪದ ಮಾತ್ರ ತಪ್ಪಿತ್ತು. ತಿದ್ದಿಕೊಂಡ ಮೇಲೆ ಜೂನ್ 21ರಂದು ಪ್ರಯೋಗ ಯಶಸ್ವಿಯಾಯಿತು.

ಮುಂದೆ ಅಮೇರಿಕ ಬೋಯಿಂಗ್ 747 ವಿಮಾನದ ಮೂತಿಗೇ ಲೇಸರ್ ಗೋಪುರ ಕಟ್ಟಿತು. 2010ರ ಫೆಬ್ರವರಿ 11ರಂದು ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮೇಲೇರುತ್ತಿದ್ದ ಕ್ಷಿಪಣಿಯೊಂದನ್ನು ಅದು ಸುಟ್ಟಿತು. ಕಣ್ಣು ಗೆದ್ದಿತ್ತು. ಆದರೂ ಮರುವರ್ಷವೇ ಯೋಜನೆ ನಿಂತುಹೋಯಿತು. ಐನೂರು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಗಿತ್ತು. ಈ ಲೇಸರ್ ಉಪಯೋಗಕ್ಕೆ ಬರಬೇಕಾದರೆ ಇಪ್ಪತ್ತು ಮೂವತ್ತು ಪಟ್ಟು ಬಲ ಹೆಚ್ಚಬೇಕು, ಇಲ್ಲವಾದರೆ ವಿಮಾನ ಇರಾನಿನ ಗಡಿಯೊಳಗೇ ಸುತ್ತುತ್ತಿರಬೇಕು ಎಂಬುದು ಅವರದೇ ರಕ್ಷಣಾ ಕಾರ್ಯದರ್ಶಿ ಗೇಟ್ಸ್‌ರ ಆಕ್ಷೇಪವಾಗಿತ್ತು. ಈಗಿನ ಪ್ರಯತ್ನಗಳೆಲ್ಲ ಹತ್ತಿರದ, ಚಿಕ್ಕ ಗುರಿಗಳತ್ತ ಇಳಿದಿರುವುದು ಅದಕ್ಕಾಗಿಯೇ. 2025ರ ಸೆಪ್ಟೆಂಬರಿನಲ್ಲಿ ಇಸ್ರೇಲ್ ಸಿದ್ಧವಾಗಿದೆಯೆಂದು ಸಾರಿದ ‘ಐರನ್ ಬೀಮ್’ ಲೇಸರಿನ ಗುರಿಗಳೂ ರಾಕೆಟ್, ಮೋರ್ಟಾರ್, ಡ್ರೋನ್‌ಗಳೇ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ತಪ್ಪು. ಇನ್ನು ಹೇಳಬೇಕಾದದ್ದು ಜೀವದ ಪ್ರಶ್ನೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಹೋಗಿರುವ ದಮ್ಮಾಮಿನ ಪಕ್ಕದಲ್ಲಿಯೇ ದಹ್ರಾನ್ ಇದೆ. 1991ರ ಫೆಬ್ರವರಿ 25ರಂದು ಅಲ್ಲಿ ಅಮೇರಿಕದ ಪೇಟ್ರಿಯಟ್ ಕ್ಷಿಪಣಿ ಘಟಕ ನೂರು ಗಂಟೆಗೂ ಮಿಕ್ಕಿ ಬಿಡುವಿಲ್ಲದೆ ಓಡುತ್ತಿತ್ತು. ಅದರ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬ ಸಂಖ್ಯೆ ಕಂಪ್ಯೂಟರಿನ ಎರಡಂಕಿಯ ಲೆಕ್ಕದಲ್ಲಿ ಪೂರ್ತಿ ಹಿಡಿಸುವುದಿಲ್ಲ. ಅಂಚು ಕತ್ತರಿಸಿಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಆ ಕತ್ತರಿಕೆ ನೂರು ಗಂಟೆಗಳಲ್ಲಿ ಕೂಡಿ ಕೂಡಿ 0.34 ಸೆಕೆಂಡ್ ಆಗಿತ್ತು. ಇರಾಕಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ರೇಡಾರ್ ಅದು ಇರಬೇಕಾದ ಜಾಗದಲ್ಲಿ ನೋಡದೆ ಬೇರೆ ಜಾಗದಲ್ಲಿ ನೋಡಿತು. ಅಲ್ಲಿ ಏನೂ ಇರಲಿಲ್ಲ. ಸ್ಕಡ್ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ. ಬಹಳ ಹೊತ್ತು ಓಡಿಸಿದರೆ ತೊಂದರೆಯಾದೀತು ಎಂಬ ಸೂಚನೆ ನಾಲ್ಕು ದಿನ ಮೊದಲೇ ಹೋಗಿತ್ತು. ‘ಬಹಳ ಹೊತ್ತು’ ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಬರೆದಿರಲಿಲ್ಲ.

ಇದು ಕಾಣದೆ ಹೋದ ಕಥೆ. ಕಂಡೂ ತಪ್ಪಿದ ಕಥೆಗಳು ಇನ್ನೂ ಭೀಕರ. 1988ರ ಜುಲೈ 3ರಂದು ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟ ಇರಾನ್ ಏರ್ 655 ವಿಮಾನವನ್ನು ಅಮೇರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಹೊಡೆದುರುಳಿಸಿತು. 290 ಮಂದಿ ಸತ್ತರು. ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು. ಆ ನೌಕೆಯ ಯಂತ್ರ ಅಂದಿನ ಜಗತ್ತಿನಲ್ಲೇ ಅತ್ಯುತ್ತಮವಾದದ್ದು. ವಿಮಾನ ಮೇಲೇರುತ್ತಿದೆಯೆಂದು ಅದು ಸರಿಯಾಗಿಯೇ ದಾಖಲಿಸಿತ್ತು. ಅದರ ಮುಂದೆ ಕುಳಿತ ಮನುಷ್ಯರು ವಿಮಾನ ತಮ್ಮತ್ತ ಇಳಿಯುತ್ತಿದೆ, ಅದು ಯುದ್ಧವಿಮಾನ ಎಂದು ಓದಿದರು. ಯಂತ್ರ ಗುರಿಯನ್ನು ಕೊನೆಯವರೆಗೂ ಕೈಬಿಡಲಿಲ್ಲ. ಗುರಿ ಯಾರೆಂದು ಮಾತ್ರ ಯಾರೂ ಸರಿಯಾಗಿ ತಿಳಿಯಲಿಲ್ಲ.

ಇದನ್ನು ಹೇಳಿ ಅಮೇರಿಕವನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ನ್ಯಾಯದ ಮಾತು ಪೂರ್ತಿಯಾಗಿರಬೇಕು. 2020ರ ಜನವರಿ 8ರಂದು ತೆಹರಾನಿನ ಮೇಲೆ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಇರಾನಿನ ಪಡೆಯೇ ಹೊಡೆಯಿತು. 176 ಮಂದಿ ಸತ್ತರು. ಮೂರು ದಿನ ನಿರಾಕರಿಸಿ ಬಳಿಕ ಒಪ್ಪಿಕೊಂಡಿತು. ಘಟಕದ ಜಾಗ ಬದಲಾದ ಮೇಲೆ ರೇಡಾರಿನ ದಿಕ್ಕನ್ನು ಸರಿಹೊಂದಿಸಿರಲಿಲ್ಲ, ನೂರು ಡಿಗ್ರಿಗೂ ಮಿಕ್ಕಿದ ತಪ್ಪಿತ್ತು ಎಂದು ಅವರದೇ ತನಿಖೆ ಹೇಳಿತು. ನಾವು ಒಂದು ಡಿಗ್ರಿಗೆ 436 ಮೀಟರ್ ಎಂದು ಲೆಕ್ಕ ಹಾಕಿದೆವಲ್ಲವೇ! ನಮ್ಮ ದೇಶದಲ್ಲಿಯೂ 2019ರ ಫೆಬ್ರವರಿ 27ರಂದು ಬಡ್ಗಾಮಿನಲ್ಲಿ ನಮ್ಮದೇ ಕ್ಷಿಪಣಿ ವಾಯುಪಡೆಯ ನಮ್ಮದೇ ಹೆಲಿಕಾಪ್ಟರನ್ನು ಉರುಳಿಸಿತು. ಆರು ಸೈನಿಕರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮಡಿದರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಆ ವರ್ಷದ ಅಕ್ಟೋಬರಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಮೆಚ್ಚಬೇಕಾದ ಮಾತು. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೇರಿಕದ ಡ್ರೋನ್ ಒಂದು ಬಿಳಿ ಕಾರನ್ನು ಸುಮಾರು ಎಂಟು ಗಂಟೆ ಹಿಂಬಾಲಿಸಿ ಹೊಡೆಯಿತು. ಎಂಟು ಗಂಟೆ! ಸತ್ತ ಹತ್ತು ಮಂದಿಯಲ್ಲಿ ಏಳು ಮಕ್ಕಳು. ಕಾರಿನವನು ಪರಿಹಾರ ಸಂಸ್ಥೆಯೊಂದರ ನೌಕರ. ಹಿಂಬಾಲಿಸುವ ವಿದ್ಯೆಯಲ್ಲಿ ಅಲ್ಲಿ ಕೊರತೆಯೇನಿತ್ತು?

ಸುದ್ದಿ ಬಂದಾಗ ಪರಿಶೀಲಿಸಬೇಕು, ಇಲ್ಲವಾದರೆ ಅರಿವಿಲ್ಲದೆ ಅಮಾಯಕರಿಗೆ ಹಾನಿ ಮಾಡಿಬಿಡುತ್ತೇವೆ ಎಂಬ ಬೋಧನೆ ಈ ಸಭೆಯಲ್ಲಿರುವವರಿಗೆ ಹೊಸತಲ್ಲ. ಅದನ್ನು ನಾವು ವಾಟ್ಸ್ಆ್ಯಪ್ ಸಂದೇಶಗಳಿಗೂ ಅನ್ವಯಿಸುವುದಿಲ್ಲ, ಅದು ಬೇರೆ ಮಾತು. ಲೇಸರಿನ ಮುಂದೆ ಆ ಬೋಧನೆಗೆ ಉಳಿಯುವ ಸಮಯ ಸೆಕೆಂಡುಗಳಲ್ಲಿ. ಕ್ಷಿಪಣಿ ಬಿಟ್ಟ ಮೇಲೂ ಕೆಲವೊಮ್ಮೆ ಅದನ್ನು ದಾರಿಯಲ್ಲೇ ನಾಶಮಾಡಬಹುದು. ಬೆಳಕನ್ನು ಮರಳಿ ಕರೆಯಲಾಗದು.

ರಾಜಕೀಯದ ಮಾತೂ ಒಂದಿದೆ. ಅಮೇರಿಕ ಮತ್ತು ಸೋವಿಯತ್ ಒಕ್ಕೂಟ 1972ರಲ್ಲಿ ಒಪ್ಪಂದ ಮಾಡಿಕೊಂಡು ಕ್ಷಿಪಣಿ ತಡೆಯುವ ಗುರಾಣಿಗೇ ಮಿತಿ ಹಾಕಿಕೊಂಡವು. ಗುರಾಣಿಗೆ ಮಿತಿ ಏಕೆಂದು ಆಶ್ಚರ್ಯವಾದೀತು. ತನಗೆ ಪೆಟ್ಟು ಬೀಳದೆಂದು ನಂಬಿದವನು ಕೈಯೆತ್ತಲು ಹಿಂಜರಿಯುವುದಿಲ್ಲ ಎಂಬ ಭಯ ಎರಡೂ ಕಡೆ ಇತ್ತು. 2002ರ ಜೂನಿನಲ್ಲಿ ಅಮೇರಿಕ ಅದರಿಂದ ಹೊರಬಂತು. ಬುಷ್‌ರ ಗುರಾಣಿ ಯೋಜನೆಯನ್ನು 2001ರ ಮೇ ತಿಂಗಳಲ್ಲಿ ಎಲ್ಲರಿಗಿಂತ ಮೊದಲು ಸ್ವಾಗತಿಸಿದವರಲ್ಲಿ ನಮ್ಮ ಅಂದಿನ ಕೇಂದ್ರ ಸರಕಾರವೂ ಒಂದು. ದೇಶಕ್ಕೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಗಡಿಯ ಊರುಗಳಲ್ಲಿ ಮಲಗುವ ಮಕ್ಕಳ ಮೇಲೆ ಡ್ರೋನ್ ಬೀಳದಂತೆ ತಡೆಯುವ ಯಂತ್ರವನ್ನು ಯಾರು ಬೇಡವೆಂದಾರು? ಆದರೆ ಡ್ರೋನ್ ತಡೆಯುವ ಯಂತ್ರವನ್ನು ತೋರಿಸಿ, ಇನ್ನು ಯುದ್ಧಕ್ಕೆ ಹೆದರಬೇಕಿಲ್ಲ ಎಂದು ಕೂಗುವವರ ಮಾತು ಯಂತ್ರ ಮಾಡಿದವರ ಮಾತಲ್ಲ. ಕರ್ನೂಲಿನ ವಿಜ್ಞಾನಿಗಳು ಹಾಗೆ ಹೇಳಿಲ್ಲ.

ನಂಜನಗೂಡಿನಲ್ಲಿ ನಮ್ಮ ಮಾತು ಇಲ್ಲಿಗೆ ನಿಂತಿತ್ತು. ಒಂದು ವಾರದ ಬಳಿಕ ನರಸೀಪುರದಲ್ಲಿ ಇದನ್ನೇ ಹೇಳಿದಾಗ ಪ್ರಶ್ನೆಗಳು ಬಂದವು.

ಡಿಪ್ಲೊಮಾ ಓದುತ್ತಿರುವ ಯುವಕನೊಬ್ಬ ನೇರವಾಗಿ ಕೇಳಿದ: ಇಷ್ಟೆಲ್ಲ ಸಾವಿನ ಕಥೆ ಹೇಳಿದಿರಿ, ಹಾಗಾದರೆ ಈ ವಿದ್ಯೆ ಕಲಿಯುವುದು, ಇಂತಹ ಕಡೆ ಕೆಲಸ ಮಾಡುವುದು ಸರಿಯೇ? ಫತ್ವಾ ನೀಡುವ ಅರ್ಹತೆ ನಮಗಿಲ್ಲವೆಂದು ಹೇಳಿದೆವು. ಆದರೆ ತಿಳಿದದ್ದನ್ನು ಹೇಳಿದೆವು. ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಕಣ್ಣು ತಾನಾಗಿಯೇ ಅದುರುತ್ತಿರುತ್ತದೆ. ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಹಿಂಬಾಲಿಸುವ ಉಪಕರಣವೊಂದು 1990ರ ದಶಕದಲ್ಲಿ ಅಮೇರಿಕದಲ್ಲಿ ಬಂತು. ಅದರ ಬೇರು ಕ್ಷಿಪಣಿ ರಕ್ಷಣೆಗೆಂದು ಸರಕಾರ ಹಣ ಕೊಟ್ಟ ಸಂಶೋಧನೆಯಲ್ಲಿತ್ತು. ಬಾಗುವ ಕನ್ನಡಿಯಿಂದ ಇಂದು ಖಗೋಳ ವಿಜ್ಞಾನಿಗಳು ನಕ್ಷತ್ರಗಳನ್ನೂ ಕಣ್ಣಿನ ವೈದ್ಯರು ಅಕ್ಷಿಪಟಲವನ್ನೂ ನೋಡುತ್ತಾರೆ. ಅಸ್ತ್ರದ ಕೆಲಸಕ್ಕೇ ಹೋಗುವವನ ಮುಂದೆ ಪ್ರಶ್ನೆ ಇದ್ದೇ ಇದೆ, ಅದನ್ನು ನಾವು ಅಳಿಸಲಾರೆವು. ಆದರೆ ವಿನ್ಸೆನ್ಸ್ ನೌಕೆಯ ಆ ಕೋಣೆಯಲ್ಲಿ ‘ಸ್ವಲ್ಪ ತಾಳಿ, ಎತ್ತರದ ಅಂಕಿಯನ್ನು ಇನ್ನೊಮ್ಮೆ ನೋಡೋಣ’ ಎನ್ನುವವನೊಬ್ಬನಿದ್ದು, ಅವನ ಮಾತು ನಡೆದಿದ್ದರೆ? ಅಂಕಿ ಓದಲು ಬಾರದವನಿಗೆ ಆ ಮಾತು ಹೇಳುವ ಅವಕಾಶವೇ ಇರುವುದಿಲ್ಲ.

ಅಲ್ಲಿ ನಮ್ಮವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಹಿರಿಯರೊಬ್ಬರು ಕೇಳಿದರು. ಕಲಾಮ್‌ರ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಲು ನಮಗೆ ಮನಸ್ಸು ಬರಲಿಲ್ಲ. ಒಬ್ಬರು ಮೇಲೇರಿದ್ದರಿಂದ ಎಲ್ಲರಿಗೂ ಬಾಗಿಲು ತೆರೆದಿದೆಯೆಂದು ಸಾಬೀತಾಗುವುದಿಲ್ಲ. ಆದರೆ ಡಿಆರ್‌ಡಿಒ ವಿಜ್ಞಾನಿಗಳ ನೇಮಕದಲ್ಲಿ ಮೊದಲು ನೋಡುವುದು ಗೇಟ್ ಪರೀಕ್ಷೆಯ ಅಂಕಗಳನ್ನು. ಈ ಎರಡು ತಾಲ್ಲೂಕುಗಳಿಂದ ಆ ಪರೀಕ್ಷೆಗೆ ಕುಳಿತ ನಮ್ಮ ಮಕ್ಕಳೆಷ್ಟು ಎಂದು ತಿರುಗಿ ಕೇಳಿದಾಗ ಸಭೆಯಲ್ಲಿ ಯಾರೂ ಕೈಯೆತ್ತಲಿಲ್ಲ. ಅರ್ಜಿಯನ್ನೇ ಹಾಕದವರಿಗೆ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಹೇಗೆ ತಿಳಿಯಬೇಕು?

ಕೊನೆಯಲ್ಲಿ, ಸಭೆ ಮುಗಿದು ಕುರ್ಚಿಗಳನ್ನು ಜೋಡಿಸುತ್ತಿದ್ದಾಗ, ಹತ್ತನೇ ತರಗತಿಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಕೈಯಲ್ಲಿ ಶಾಲೆಯ ನೋಟ್‌ಪುಸ್ತಕ. ‘ಸರ್, ನೀವು 17 ಸೆಂಟಿಮೀಟರ್ ಎಂದಿರಿ. ಅದು ತಪ್ಪಲ್ಲವೇ?’ ಎಂದಳು. ಲೇಸರ್ ಅಲ್ಲಿಗೆ ಹೋಗಲು ಹಿಡಿಯುವ ಕಾಲವನ್ನು ಮಾತ್ರ ನಾವು ಲೆಕ್ಕ ಹಾಕಿದ್ದೆವು. ಕ್ಷಿಪಣಿ ಅಲ್ಲಿದೆಯೆಂದು ನಮಗೆ ತೋರಿಸಿದ ಬೆಳಕೂ ಅದೇ 25 ಕಿಲೋಮೀಟರ್ ದಾಟಿ ಬರಬೇಕಲ್ಲ, ಅಂದರೆ ನಾವು ಕಾಣುವಾಗಲೇ ಅದು 17 ಸೆಂಟಿಮೀಟರ್ ಮುಂದೆ ಹೋಗಿರುತ್ತದಲ್ಲ ಎಂಬುದು ಅವಳ ವಾದ. ಎರಡನ್ನೂ ಕೂಡಿಸಿ 33 ಎಂದು ಬರೆದಿದ್ದಳು. 34 ಅಲ್ಲವೇ ಎಂದು ನಾವು ಕೇಳಿದ್ದಕ್ಕೆ, ನೀವು ಹೇಳಿದ 17 ಪೂರ್ತಿ 17 ಅಲ್ಲ, 16.7 ಎಂದು ಪುಟದ ಅಂಚಿನ ಗುಣಾಕಾರ ತೋರಿಸಿದಳು. ಲೆಕ್ಕ ಅವಳದೇ ಸರಿ. ನಂಜನಗೂಡಿನ ಸಭೆಯಲ್ಲಿ ನಾವು ಅರ್ಧ ಲೆಕ್ಕ ಹೇಳಿ ಬಂದಿದ್ದೆವು, ಅಲ್ಲಿದ್ದವರು ಈ ಬರಹದಿಂದ ತಿದ್ದಿಕೊಳ್ಳಬೇಕೆಂದು ಕೋರುತ್ತೇವೆ.

ಪಿಯುಸಿಗೆ ಯಾವ ವಿಷಯ ಎಂದು ಕೇಳಿದೆವು. ಹುಡುಗಿ ತಾಯಿಯ ಮುಖ ನೋಡಿದಳು. ವಿಜ್ಞಾನದ ಕಾಲೇಜಿಗೆ ಮೈಸೂರಿಗೆ ಬಸ್ಸಿನಲ್ಲಿ ಹೋಗಿಬರಬೇಕು, ಅವಳ ಅಬ್ಬಾ ಇನ್ನೂ ಹೂಂ ಎಂದಿಲ್ಲ ಎಂದು ತಾಯಿ ಹೇಳಿದರು. ಅವರ ಮನೆಗೆ ಮುಂದಿನ ಭಾನುವಾರ ನಾವು ಹೋಗುವವರಿದ್ದೇವೆ. ಆ ನೋಟ್‌ಪುಸ್ತಕವನ್ನು ತೆಗೆದಿಟ್ಟಿರಲು ಅವಳಿಗೆ ಹೇಳಿದ್ದೇವೆ.